ವರ್ಣಸಂಧಿ: ದುರಸ್ತಿಯಾದ ಕಾರಿನ ಬಣ್ಣ ಹೊಂದದಿರುವುದೇಕೆ?

'ವರ್ಣ' ಎಂಬ ಶಬ್ದಕ್ಕೆ ನಮ್ಮಲ್ಲಿ ಬಣ್ಣವೆಂಬ ಅರ್ಥವೂ ಉಂಟು, ಅಕ್ಷರವೆಂಬ ಅರ್ಥವೂ ಉಂಟು. ಇಪ್ಪತ್ತೆಂಟು ವರ್ಷಗಳಿಂದ ಎರಡನೆಯ ಅರ್ಥದ ವರ್ಣಗಳನ್ನು ಮಕ್ಕಳಿಗೆ ಬೋಧಿಸುತ್ತ ಬಂದವನು ನಾನು. ಮೊದಲನೆಯ ಅರ್ಥದ ವರ್ಣವನ್ನು ಕುರಿತು ಬರೆಯುವ ಅಧಿಕಾರ ನನಗೆ ಎಲ್ಲಿಂದ ಬಂದಿತೆಂದು ಓದುಗರು ಕೇಳಬಹುದು. ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ನನ್ನಿಂದ ಹಳಗನ್ನಡ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತ ಲೇಖನವನ್ನು ನಿರೀಕ್ಷಿಸಿದ್ದರು. ಆದರೆ ಈ ವಿಷಯದಲ್ಲಿ ನನ್ನ ಮೇಲೆ ಒಂದು ಋಣವಿದೆ. ಅದನ್ನು ತೀರಿಸಬೇಕಾದುದು ಇದೇ ಸಂಚಿಕೆಯಲ್ಲಿ. ಏಕೆಂದರೆ ನಾನು ಯಾರಿಗೆ ಋಣಿಯೋ ಅವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಈ ಸಂಚಿಕೆಯ ಪ್ರತಿ ಅವನ ಕೈಗೂ ಸೇರುವುದು.

ನಡೆದ ಸಂಗತಿ

೨೦೧೮ರಲ್ಲಿ ನಮ್ಮ ಮನೆಗೆ ಬೆಳ್ಳಿಬೂದು ಬಣ್ಣದ ಸಣ್ಣ ಕಾರೊಂದನ್ನು ಕೊಂಡೆವು. ೨೦೨೪ರ ಜನವರಿ ತಿಂಗಳು. ಕಬ್ಬು ನುರಿಸುವ ಹಂಗಾಮು. ಕಬ್ಬು ಹೇರಿದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋದಾಗ ಅದರ ಟ್ರೈಲರಿನಿಂದ ಹೊರಚಾಚಿದ್ದ ಕಬ್ಬಿಣದ ಪಟ್ಟಿ ತಗುಲಿ ಕಾರಿನ ಎಡಬದಿಯ ಹಿಂಬಾಗಿಲು ನೆಗ್ಗಿತು, ಬಣ್ಣವೂ ಕಿತ್ತಿತು. ಯಾರಿಗೂ ಗಾಯವಾಗಲಿಲ್ಲ. ಊರಿನ ಹೊರವಲಯದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದ ಗ್ಯಾರೇಜು ಇಟ್ಟಿದ್ದಾನೆ. ಹತ್ತನೆಯ ಇಯತ್ತೆಯಲ್ಲಿ ಸಂಧಿ ಬಿಡಿಸುವುದು ಅವನಿಗೆ ಎಂದೂ ಒಲಿಯಲಿಲ್ಲ. ಕೈಬರಹ ಮಾತ್ರ ಸುಂದರವಾಗಿತ್ತು. ಕಾರನ್ನು ಅವನಲ್ಲಿಗೇ ಒಯ್ದೆ.

ನಾಲ್ಕನೆಯ ದಿನ ಸಂಜೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಬಾಗಿಲು ಹೊಸದರಂತೆ ಕಂಡಿತು. ಒಟ್ಟು ಹನ್ನೊಂದು ಸಾವಿರ ರೂಪಾಯಿಗೆ ಒಪ್ಪಂದವಾಗಿತ್ತು. ಎಂಟು ಸಾವಿರ ಕೊಟ್ಟು ಮನೆಗೆ ಬಂದೆ. ಮರುದಿನ ಬೆಳಗ್ಗೆ ಶಾಲೆಯ ಅಂಗಳದ ಎಳೆಬಿಸಿಲಿನಲ್ಲಿ ಕಾರು ನಿಂತಿತ್ತು. ಸಹೋದ್ಯೋಗಿಗಳೊಬ್ಬರು, "ಪಂಡಿತರೇ, ಬಾಗಿಲು ಬೇರೆ ಕಾರಿಂದೇನು?" ಎಂದರು. ನೋಡಿದೆ. ಹಿಂಬಾಗಿಲು ಮುಂಬಾಗಿಲಿಗಿಂತ ಒಂದು ಛಾಯೆ ಕಪ್ಪಾಗಿ, ಚೌಕಾಕಾರದ ತೇಪೆಯಂತೆ ಎದ್ದು ಕಾಣುತ್ತಿತ್ತು.

ಅಂದು ಮಧ್ಯಾಹ್ನವೇ ಗ್ಯಾರೇಜಿಗೆ ಹೋಗಿ, ಅಲ್ಲಿದ್ದ ಗಿರಾಕಿಗಳ ಎದುರಿಗೆ, ಅಗ್ಗದ ಬಣ್ಣ ಬಳಿದು ಗುರುವಿಗೇ ಮೋಸ ಮಾಡಿದೆ ಎಂದೆ. ಉಳಿದ ಮೂರು ಸಾವಿರವನ್ನು ಕೊಡುವುದಿಲ್ಲವೆಂದೂ ಹೇಳಿದೆ. ಅವನು ವಾದಿಸಲಿಲ್ಲ. "ಸರ್, ಡಬ್ಬ್ಯಾಗಿನ ಬಣ್ಣ ತಪ್ಪಿಲ್ರಿ. ಒಂದ ಸಲ ಈ ಕಡೆ ಬಂದ ನಿಂತ ನೋಡ್ರಿ" ಎಂದಷ್ಟೇ ಅಂದನು. ನಾನು ನಿಲ್ಲದೆ ಬಂದುಬಿಟ್ಟೆ. ಆ ರಾತ್ರಿ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಮುಂದಿನ ರವಿವಾರ ಮತ್ತೆ ಹೋಗಿ, ಅವನು ತೋರಿಸಿದಲ್ಲಿ ನಿಂತು ನೋಡಿದೆ. ಅಂದು ಅವನು ಹೇಳಿಕೊಟ್ಟುದನ್ನೂ ಆಮೇಲೆ ನಾನು ಓದಿ ತಿಳಿದುದನ್ನೂ ಕೂಡಿಸಿ ಮುಂದೆ ನಿವೇದಿಸುತ್ತೇನೆ.

ಬಣ್ಣವಿರುವುದು ಎಲ್ಲಿ?

ತರ್ಕಶಾಸ್ತ್ರವನ್ನು ಓದತೊಡಗುವ ವಿದ್ಯಾರ್ಥಿಗೆ ಅನ್ನಂಭಟ್ಟನ 'ತರ್ಕಸಂಗ್ರಹ'ವು ರೂಪವನ್ನು ಕಣ್ಣಿನಿಂದ ಮಾತ್ರ ಗ್ರಹಿಸಬಹುದಾದ ಗುಣವೆಂದು ಹೇಳಿ, ಬಿಳುಪು, ನೀಲಿ, ಹಳದಿ, ಕೆಂಪು, ಹಸಿರು, ಕಪಿಶ, ಚಿತ್ರ ಎಂದು ಅದನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಬಿಳುಪಿನಲ್ಲಿಯೂ ಹೊಳೆಯುವ ಭಾಸ್ವರ, ಹೊಳೆಯದ ಅಭಾಸ್ವರ ಎಂಬ ಭೇದವನ್ನು ಅದು ಗುರುತಿಸುತ್ತದೆ. ಈ ಪಾಠವನ್ನು ಒಪ್ಪಿಸಿದ್ದ ನನಗೆ ಬಣ್ಣವು ವಸ್ತುವಿನಲ್ಲಿಯೇ ಸ್ಥಿರವಾಗಿ ಅಂಟಿಕೊಂಡಿರುವ ಗುಣವೆಂಬ ಭಾವನೆ ಬಲವಾಗಿತ್ತು. ಆಧುನಿಕ ವಿಜ್ಞಾನದ ಪ್ರಕಾರ ಬಣ್ಣದ ಅನುಭವಕ್ಕೆ ಮೂರು ಕೂಡಬೇಕು: ಬೆಳಕು, ಆ ಬೆಳಕಿನ ಕೆಲವಂಶವನ್ನು ಹೀರಿ ಕೆಲವಂಶವನ್ನು ಹಿಂತಿರುಗಿಸುವ ವಸ್ತು, ಮತ್ತು ಹಿಂತಿರುಗಿದುದನ್ನು ಸ್ವೀಕರಿಸುವ ಕಣ್ಣು. ಈ ಮೂರರಲ್ಲಿ ಯಾವುದೊಂದು ಬದಲಾದರೂ ಬಣ್ಣ ಬದಲಾಗಿ ತೋರುತ್ತದೆ.

ಬಿಸಿಲಿನಲ್ಲಿ ಎಲ್ಲ ಬಣ್ಣಗಳ ಕಿರಣಗಳೂ ಬೆರೆತಿರುವುದನ್ನು ನ್ಯೂಟನ್ನನು ೧೬೭೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದನು. ಟ್ಯೂಬ್‌ಲೈಟಿನಲ್ಲಿಯೂ ಬಲ್ಬಿನಲ್ಲಿಯೂ ಈ ಬೆರಕೆಯ ಪ್ರಮಾಣ ಬೇರೆ. ಆದುದರಿಂದ ಬೇರೆ ಬೇರೆ ವರ್ಣದ್ರವ್ಯಗಳಿಂದ ತಯಾರಾದ ಎರಡು ಬಣ್ಣಗಳು ಒಂದು ದೀಪದಡಿಯಲ್ಲಿ ಒಂದೇ ಎಂಬಂತೆ ತೋರಿ, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ವಿಜ್ಞಾನಿಗಳು ಇದಕ್ಕೆ ಮೆಟಾಮೆರಿಸಂ ಎಂದು ಹೆಸರಿಟ್ಟಿದ್ದಾರೆ. ಹೆಸರು ಹೊಸದಾದರೂ ಸಂಗತಿ ನಮ್ಮ ತಾಯಂದಿರಿಗೆ ಹಳೆಯದು. ಸೀರೆಗೆ ಒಪ್ಪುವ ಕುಪ್ಪಸದ ಖಣವನ್ನು ಆರಿಸುವಾಗ ಅವರು ಅಂಗಡಿಯ ದೀಪವನ್ನು ನಂಬದೆ, ಎರಡನ್ನೂ ಹೊಸ್ತಿಲಾಚೆ ಬಿಸಿಲಿಗೆ ಒಯ್ದು ನೋಡುತ್ತಾರೆ. ಅಷ್ಟು ವಿವೇಕವನ್ನು ನಾನು ಕಾರನ್ನು ಬಿಡಿಸಿಕೊಳ್ಳುವ ಸಂಜೆ ತೋರಿದ್ದರೆ ಎಷ್ಟೋ ಮಾತು ಉಳಿಯುತ್ತಿತ್ತು.

ಕಾರಖಾನೆಯ ಪಾಕ, ಗ್ಯಾರೇಜಿನ ಪಾಕ

ಕಾರಿನ ಮೈಮೇಲೆ ನಮಗೆ ಕಾಣುವುದು ಒಂದೇ ಬಣ್ಣವಾದರೂ ಅಲ್ಲಿ ಲೇಪಗಳು ಹಲವು. ಉಕ್ಕಿನ ತಗಡಿಗೆ ಮೊದಲು ರಾಸಾಯನಿಕ ಸಂಸ್ಕಾರವಾಗುತ್ತದೆ. ಅನಂತರ ಇಡೀ ಕವಚವನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಪ್ರವಾಹದ ನೆರವಿನಿಂದ ತುಕ್ಕುನಿರೋಧಕ ಲೇಪವನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರು, ಅದರ ಮೇಲೆ ಕುಶಲಕರ್ಮಿಗಳು ಬೇಸ್‌ಕೋಟ್ ಎನ್ನುವ ಬಣ್ಣದ ಲೇಪ, ಎಲ್ಲಕ್ಕೂ ಮೇಲೆ ಕ್ಲಿಯರ್‌ಕೋಟ್ ಎಂಬ ಪಾರದರ್ಶಕ ಲೇಪ. ಇವೆಲ್ಲ ಕೂಡಿದರೂ ದಪ್ಪ ಸಾಮಾನ್ಯವಾಗಿ ೧೦೦ರಿಂದ ೧೪೦ ಮೈಕ್ರಾನ್, ಅಂದರೆ ಎರಡು ತಲೆಗೂದಲಿನಷ್ಟು. ಬಣ್ಣವೆಂದು ನಾವು ಕರೆಯುವ ಬೇಸ್‌ಕೋಟ್ ಇದರಲ್ಲಿ ಸುಮಾರು ೧೫ ಮೈಕ್ರಾನ್ ಮಾತ್ರ. ಇಷ್ಟು ತೆಳುವಾದ ಪದರದಲ್ಲಿ ಎರಡು ಮೂರು ಮೈಕ್ರಾನಿನ ಹೆಚ್ಚುಕಡಮೆಯೂ ಕಣ್ಣಿಗೆ ತಿಳಿದುಬಿಡುತ್ತದೆ. ಕೆಂಪು, ಹಳದಿ ಮೊದಲಾದ ಕೆಲವು ಬಣ್ಣಗಳಿಗೆ ಮರೆಮಾಡುವ ಶಕ್ತಿ ಕಡಮೆ. ಅಡಿಯ ಪ್ರೈಮರಿನ ಛಾಯೆ ಅವುಗಳ ಮೂಲಕ ಇಣುಕುತ್ತದೆ.

ನೈಯಾಯಿಕರೂ ವೈಶೇಷಿಕರೂ 'ಪಾಕಜ' ಗುಣಗಳ ವಿಷಯದಲ್ಲಿ ದೀರ್ಘವಾದ ವಿಚಾರ ನಡೆಸಿದ್ದಾರೆ. ಹಸಿಯ ಮಡಕೆ ಆವಿಗೆಯಲ್ಲಿ ಬೆಂದು ಕೆಂಪಾಗುವುದು ಅವರ ನಿತ್ಯದ ಉದಾಹರಣೆ. ಬೇಯುವುದು ಇಡೀ ಮಡಕೆಯೇ, ಪರಮಾಣುಗಳೇ ಎಂಬುದು ಅವರ ವಿವಾದ. ಬೆಂದರೆ ರೂಪ ಬೇರೆಯಾಗುತ್ತದೆ ಎಂಬಲ್ಲಿ ವಿವಾದವಿಲ್ಲ. ಕಾರಿನ ಬಣ್ಣಕ್ಕೂ ಪಾಕವುಂಟು. ಕಾರಖಾನೆಯಲ್ಲಿ ಬಣ್ಣ ಹಚ್ಚುವಾಗ ಕಾರು ಇನ್ನೂ ಬರಿಯ ಲೋಹದ ಕವಚ. ಆಸನವಿಲ್ಲ, ಗಾಜಿಲ್ಲ, ವಿದ್ಯುತ್ ತಂತಿಗಳಿಲ್ಲ. ಆದುದರಿಂದ ಅದನ್ನು ಸುಮಾರು ೧೪೦ ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿ ಹಾಯಿಸಿ ಬೇಯಿಸಬಹುದು. ದುರಸ್ತಿಗೆ ಬಂದ ಕಾರನ್ನು ಅಷ್ಟು ಕಾಯಿಸಿದರೆ ರಬ್ಬರು, ಪ್ಲಾಸ್ಟಿಕ್ಕು, ವಿದ್ಯುತ್ ಉಪಕರಣಗಳು ಕೆಟ್ಟುಹೋಗುತ್ತವೆ. ಆದಕಾರಣ ಗ್ಯಾರೇಜಿನವರು ಬೇರೆ ರಾಸಾಯನಿಕ ಕುಲಕ್ಕೆ ಸೇರಿದ ಬಣ್ಣವನ್ನು ಬಳಸುತ್ತಾರೆ. ಅದು ಹಾರ್ಡನರ್ ಎಂಬ ಇನ್ನೊಂದು ದ್ರವದೊಡನೆ ಬೆರೆತು, ಸುಮಾರು ೬೦ ಡಿಗ್ರಿಯ ಕಾವಿನಲ್ಲಿಯೋ ಸಾಧಾರಣ ಹವೆಯಲ್ಲಿಯೋ ಗಟ್ಟಿಯಾಗುತ್ತದೆ. ಕಾರಖಾನೆಯಲ್ಲಿ ಯಂತ್ರಬಾಹುಗಳು ವಿದ್ಯುದಾವೇಶ ಕೊಟ್ಟ ಸೂಕ್ಷ್ಮ ಹನಿಗಳನ್ನು ಒಂದೇ ಅಳತೆಯಲ್ಲಿ ಸಿಂಪಡಿಸುತ್ತವೆ; ಗ್ಯಾರೇಜಿನಲ್ಲಿ ಮನುಷ್ಯನ ಕೈಯಲ್ಲಿ ಸ್ಪ್ರೇಗನ್ನು ಇರುತ್ತದೆ. ಹೀಗೆ ಬಣ್ಣದ ದ್ರವ್ಯ ಬೇರೆ, ಹಚ್ಚುವ ಕ್ರಮ ಬೇರೆ, ಪಾಕವೂ ಬೇರೆ. ಎರಡೂ ಒಂದೇ ಆಗಿ ಕಾಣಬೇಕೆಂದು ನಾವು ಅಪೇಕ್ಷಿಸುವಾಗ ಎಷ್ಟು ದೊಡ್ಡದನ್ನು ಕೇಳುತ್ತಿದ್ದೇವೆಂಬ ಅರಿವು ನಮಗಿರುವುದಿಲ್ಲ.

ಹೊಳಪಿನ ಹುಡಿ ಮಲಗುವ ಬಗೆ

ನನ್ನ ಕಾರಿನ ಬಾಗಿಲಿನ ರಹಸ್ಯವಿದ್ದುದು ಮುಂದಿನ ಸಂಗತಿಯಲ್ಲಿ. ಬೆಳ್ಳಿಬೂದಿನಂಥ ಮೆಟಾಲಿಕ್ ಬಣ್ಣಗಳಲ್ಲಿ ವರ್ಣದ್ರವ್ಯದ ಜೊತೆಗೆ ಅಲ್ಯೂಮಿನಿಯಮ್ಮಿನ ಅತಿ ಸಣ್ಣ ಚಕ್ಕೆಗಳು ಬೆರೆತಿರುತ್ತವೆ. ಪ್ರತಿಯೊಂದು ಚಕ್ಕೆಯೂ ಒಂದು ಪುಟ್ಟ ಕನ್ನಡಿ. ಚಕ್ಕೆಗಳೆಲ್ಲ ತಗಡಿಗೆ ಸಮಾನಾಂತರವಾಗಿ ಮಲಗಿದರೆ ಬಿದ್ದ ಬೆಳಕನ್ನೆಲ್ಲ ಒಂದೇ ದಿಕ್ಕಿಗೆ ಹಿಂತಿರುಗಿಸುತ್ತವೆ. ಆ ದಿಕ್ಕಿಗೆ ಸಮೀಪದಲ್ಲಿ ನಿಂತವನಿಗೆ ಬಣ್ಣ ಬೆಳ್ಳಗೆ ತೋರುತ್ತದೆ. ಓರೆಯಾಗಿ ನಿಂತವನಿಗೆ ಕಪ್ಪಗೆ ತೋರುತ್ತದೆ. ಚಕ್ಕೆಗಳು ಅಡ್ಡಾದಿಡ್ಡಿಯಾಗಿ ನಿಂತರೆ ಬೆಳಕು ಎಲ್ಲ ಕಡೆಗೂ ಚದುರುತ್ತದೆ. ಆಗ ಎದುರಿನಿಂದ ನೋಡಿದವನಿಗೆ ಬಣ್ಣ ಮಂಕಾಗಿಯೂ ಓರೆಯಿಂದ ನೋಡಿದವನಿಗೆ ತುಸು ಬೆಳ್ಳಗಾಗಿಯೂ ಕಾಣುತ್ತದೆ. ಹಾಸಿಗೆ ಒಂದು ಬಣ್ಣದ ನೂಲು, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೆಯ್ದ ರೇಷ್ಮೆಯ ಸೆರಗು ಮಡಿಕೆ ತಿರುಗಿದಂತೆ ಬಣ್ಣ ತಿರುಗಿಸುವುದನ್ನು ನೋಡಿದವರಿಗೆ ಇದನ್ನು ಗ್ರಹಿಸುವುದು ಕಷ್ಟವಲ್ಲ.

ಚಕ್ಕೆಗಳು ಹೇಗೆ ಮಲಗುತ್ತವೆ ಎಂಬುದು ಡಬ್ಬಿಯಲ್ಲಿ ನಿರ್ಣಯವಾಗುವುದಿಲ್ಲ; ಗನ್ನಿನಿಂದ ತಗಡಿಗೆ ಇರುವ ಗೇಣಿನಷ್ಟು ದಾರಿಯಲ್ಲಿಯೂ ಅನಂತರದ ಕೆಲವು ನಿಮಿಷಗಳಲ್ಲಿಯೂ ನಿರ್ಣಯವಾಗುತ್ತದೆ. ತಿನ್ನರು ಬೇಗ ಆರಿ ಹನಿಗಳು ಒಣಗಿದಂತಾಗಿ ಬಂದು ಬಿದ್ದರೆ ಚಕ್ಕೆಗಳು ಮೇಲುಭಾಗದಲ್ಲಿಯೇ ಚಪ್ಪಟೆಯಾಗಿ ಉಳಿದು ಬಣ್ಣ ತಿಳಿಯಾಗುತ್ತದೆ. ಹನಿಗಳು ತೇವವಾಗಿ, ದಪ್ಪವಾಗಿ ಬಿದ್ದರೆ ಚಕ್ಕೆಗಳು ಆ ಹಸಿಯಲ್ಲಿ ಹೊರಳಾಡಿ ಕೆಳಗಿಳಿದು ಬಣ್ಣ ಗಾಢವಾಗುತ್ತದೆ. ಗಾಳಿಯ ಒತ್ತಡ, ಗನ್ನಿನ ದೂರ, ಕೈಯ ವೇಗ, ತಿನ್ನರಿನ ಜಾತಿ, ಅಂದಿನ ಹವೆ ಇವೆಲ್ಲವೂ ಇಲ್ಲಿ ಪಾಲುದಾರರು. ಒಂದೇ ಡಬ್ಬಿಯ ಬಣ್ಣವು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಒಂದು ಛಾಯೆಯನ್ನೂ ಜನವರಿಯ ಚಳಿಯಲ್ಲಿ ಇನ್ನೊಂದು ಛಾಯೆಯನ್ನೂ ತಳೆಯಬಹುದು.

ನನ್ನ ಶಿಷ್ಯನು ರವಿವಾರ ನನ್ನನ್ನು ಕಾರಿನ ಸುತ್ತ ನಡೆಸಿದನು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎದುರಿಗೆ ನಿಂತಾಗ ಹಿಂಬಾಗಿಲು ಕಪ್ಪಾಗಿತ್ತು. ಕಾರಿನ ಹಿಂಬದಿಗೆ ಸರಿದು ಓರೆಯಾಗಿ ನೋಡಿದಾಗ ಅದೇ ಬಾಗಿಲು ಮುಂಬಾಗಿಲಿಗಿಂತ ಬೆಳ್ಳಗಿತ್ತು! ಡಬ್ಬಿಯಲ್ಲಿ ಕಪ್ಪು ಹೆಚ್ಚಾಗಿದ್ದರೆ ಅದು ಎಲ್ಲ ಕಡೆಯಿಂದಲೂ ಕಪ್ಪಾಗಿಯೇ ತೋರಬೇಕಾಗಿತ್ತು. ನಿಂತ ಕೋನವನ್ನನುಸರಿಸಿ ಭೇದವು ತಿರುವುಮುರುವಾದುದರಿಂದ, ದೋಷವು ಬಣ್ಣದ ಕಲಬೆರಕೆಯಲ್ಲಿಲ್ಲ, ಚಕ್ಕೆಗಳ ಶಯನದಲ್ಲಿದೆ ಎಂಬುದು ಸಿದ್ಧವಾಯಿತು. "ಬೆಳಗ್ಗಿನ ತಂಪಿನ್ಯಾಗ ಹೊಡದೆ ಸರ್. ತಿನ್ನರ್ ನಿಧಾನ ಆರಿತು" ಎಂದನು. ಟ್ಯೂಬ್‌ಲೈಟುಗಳ ಬೆಳಕು ಎಲ್ಲ ದಿಕ್ಕಿನಿಂದಲೂ ಮೆತ್ತಗೆ ಬೀಳುವುದರಿಂದ ಈ ಭೇದ ಅಡಗಿತ್ತು. ಒಂದೇ ದಿಕ್ಕಿನಿಂದ ಬೀಳುವ ಸೂರ್ಯನ ಬೆಳಕು ಅದನ್ನು ಬಯಲಿಗೆಳೆಯಿತು. ಅನ್ವಯ ವ್ಯತಿರೇಕಗಳನ್ನು ನಾನು ಅವನಿಗೆ ಕಲಿಸಿರಲಿಲ್ಲ. ಆದರೂ ಅವನ ಅನುಮಾನ ನಿರ್ದುಷ್ಟವಾಗಿತ್ತು.

ಮುತ್ತಿನ ಹೊಳಪಿನ ಬಣ್ಣಗಳಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಲೋಹದ ಬದಲು ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಕಾಗೆಬಂಗಾರದ ಚಕ್ಕೆಗಳಿರುತ್ತವೆ. ಇನ್ನು ಬಿಳುಪಾದರೂ ಸುಲಭವೆಂದು ತಿಳಿಯುವಂತಿಲ್ಲ. ನಮ್ಮ ಕೇಶಿರಾಜನು ಶಬ್ದದ್ರವ್ಯದ ಬಣ್ಣವನ್ನೇ ಬಿಳುಪೆಂದು ಹೇಳಿದ್ದಾನೆ. ಆದರೆ ಬಣ್ಣದ ಅಂಗಡಿಯಲ್ಲಿ ಬಿಳುಪುಗಳು ಅನೇಕ. ಒಂದು ಚಿಟಿಕೆ ಹಳದಿಯೋ ಕಪ್ಪೋ ಸೇರಿದರೂ ಪಕ್ಕದ ಬಿಳುಪಿನೊಡನೆ ಅದು ಹೊಂದುವುದಿಲ್ಲ.

ಕಾಲವೂ ಒಂದು ಬಣ್ಣಗಾರ

ಪ್ರತಿಯೊಂದು ಕಾರಿನಲ್ಲಿಯೂ ಬಣ್ಣದ ಸಂಕೇತವನ್ನು ಬಾಗಿಲಿನ ಕಂಬದಲ್ಲಿಯೋ ಎಂಜಿನಿನ ಬಳಿಯೋ ಒಂದು ಚಿಕ್ಕ ಫಲಕದಲ್ಲಿ ನಮೂದಿಸಿರುವುದು ವಾಡಿಕೆ. ಆ ಸಂಕೇತವನ್ನು ಕೊಟ್ಟರೆ ಬಣ್ಣದಂಗಡಿಯವರು ನಿಗದಿಯಾದ ಪ್ರಮಾಣದಲ್ಲಿ ಮೂಲವರ್ಣಗಳನ್ನು ಗ್ರಾಮಿನ ಹತ್ತನೆಯ ಒಂದು ಭಾಗದವರೆಗೂ ತೂಗಿ ಬೆರೆಸಿಕೊಡುತ್ತಾರೆ. ಇಷ್ಟಾದ ಮೇಲೆ ತಪ್ಪಿಗೆ ಎಡೆಯೆಲ್ಲಿ ಎನಿಸಬಹುದು. ಆದರೆ ಕಾರಖಾನೆಯಲ್ಲಿಯೇ ಬಣ್ಣವು ತಂಡದಿಂದ ತಂಡಕ್ಕೆ ಸ್ವಲ್ಪ ಬೇರೆಯಾಗುವುದರಿಂದ, ಒಂದೇ ಸಂಕೇತಕ್ಕೆ ತುಸು ಹಳದಿ, ತುಸು ನೀಲಿ, ತುಸು ಗಾಢ ಎಂಬ ಉಪಭೇದಗಳಿರುತ್ತವೆ. ಅದಲ್ಲದೆ ಸಂಕೇತವು ಹೇಳುವುದು ಕಾರು ಹುಟ್ಟಿದ ದಿನದ ಬಣ್ಣವನ್ನು. ಆರು ಬೇಸಗೆಗಳ ಬಿಸಿಲು, ಧೂಳು, ಹಕ್ಕಿಯ ಹಿಕ್ಕೆ, ಒರಟು ಬಟ್ಟೆಯ ಒರಸುವಿಕೆ ಇವುಗಳಿಂದ ಮೇಲುಲೇಪ ಸವೆದು ಮಸುಕಾಗುತ್ತದೆ. ಕೆಲವು ಕೆಂಪು ವರ್ಣದ್ರವ್ಯಗಳು ಬಹುಬೇಗ ಕಳೆಗುಂದುತ್ತವೆ. ಹೊಸ ಬಾಗಿಲು ಜನ್ಮಪತ್ರಿಕೆಯ ಬಣ್ಣವನ್ನು ಹೊತ್ತಿರುತ್ತದೆ. ಪಕ್ಕದ ಬಾಗಿಲು ಬದುಕಿ ಬಂದ ಬಣ್ಣವನ್ನು.

ಹಿಂದಿನ ಕಾಲದಲ್ಲಿ ಈ ಫಜೀತಿ ಇಷ್ಟಿರಲಿಲ್ಲ. ಫೋರ್ಡ್ ಕಂಪನಿಯವರು ತಮ್ಮ ಟಿ ಮಾದರಿಯ ಕಾರನ್ನು ೧೯೧೪ರಿಂದ ೧೯೨೫ರವರೆಗೆ ಕಪ್ಪು ಬಣ್ಣವೊಂದರಲ್ಲಿಯೇ ಮಾರಿದರು. ೧೯೨೩-೨೪ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಕಂಪನಿಯು ಬೇಗ ಒಣಗುವ ಡ್ಯೂಕೋ ಎಂಬ ಬಣ್ಣವನ್ನು ಬಳಕೆಗೆ ತಂದಮೇಲೆ ಕಾರುಗಳಿಗೆ ಬಗೆಬಗೆಯ ಬಣ್ಣಗಳು ಬಂದವು. ಆ ಹೆಸರು ಎಷ್ಟು ಬೇರೂರಿತೆಂದರೆ ಯಾವ ಕಂಪನಿಯ ಬಣ್ಣವನ್ನು ಹೊಡೆದರೂ 'ಡ್ಯೂಕೋ ಪೇಂಟಿಂಗ್' ಎನ್ನುವ ವಾಡಿಕೆ ನಮ್ಮ ಗ್ಯಾರೇಜುಗಳಲ್ಲಿ ಉಳಿದುಬಂದಿದೆ. ಅಂಬಾಸಿಡರ್, ಫಿಯಾಟ್ ಕಾರುಗಳ ಕಾಲದಲ್ಲಿ ಬಿಳಿ, ಕಪ್ಪು, ಕೆನೆ, ನೀಲಿ ಮೊದಲಾದ ಹೊಳಪಿನ ಹುಡಿಯಿಲ್ಲದ ಬಣ್ಣಗಳೇ ಹೆಚ್ಚಾಗಿದ್ದವು. ಅನುಭವಿಯಾದ ಬಣ್ಣಗಾರನು ಕಣ್ಣಳತೆಯಲ್ಲಿಯೇ ಬೆರೆಸಿ ಹೊಂದಿಸುತ್ತಿದ್ದನು. ಹೊಳಪು ನಮಗೆ ಬೇಕಾದಂತೆಲ್ಲ ಹೊಂದಿಕೆ ಕಷ್ಟವಾಗುತ್ತ ಬಂದಿತು.

ಕಣ್ಣು ಮತ್ತು ಯಂತ್ರ

ಪ್ಯಾರಿಸ್ಸಿನ ಗೊಬ್ಲೆನ್ ಎಂಬ ಪ್ರಸಿದ್ಧ ನೇಯ್ಗೆಯ ಕಾರಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಮಿಶೆಲ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ೧೮೨೪ರಲ್ಲಿ ಮುಖ್ಯಸ್ಥನಾದನು. ಅಲ್ಲಿಯ ಕಪ್ಪು ಬಣ್ಣದಲ್ಲಿ ಸತ್ತ್ವವಿಲ್ಲವೆಂದು ದೂರುಗಳು ಬಂದಿದ್ದವು. ಅವನು ಪರೀಕ್ಷಿಸಿ ನೋಡಿದಾಗ ಬಣ್ಣದಲ್ಲಿ ಕೊರತೆಯಿರಲಿಲ್ಲ. ಪಕ್ಕದಲ್ಲಿ ನೇಯ್ದ ಇತರ ಬಣ್ಣಗಳ ಪ್ರಭಾವದಿಂದ ಕಪ್ಪು ಹಾಗೆ ತೋರುತ್ತಿತ್ತು. ಈ ವಿಚಾರವನ್ನು ಬೆಳೆಸಿ ೧೮೩೯ರಲ್ಲಿ ಅವನು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಬಣ್ಣಗಾರನ ಮೇಲೆ ಬಂದ ದೂರನ್ನು ಕೂಡಲೇ ನಂಬದೆ ಪರೀಕ್ಷಿಸಿ ನೋಡಿದ ಆ ವಿದ್ವಾಂಸನ ಮುಂದೆ ನನ್ನ ವಿದ್ವತ್ತು ನಾಚಬೇಕು.

ಕಣ್ಣಿನ ಚಂಚಲತೆಯನ್ನು ನಿವಾರಿಸಲು ಬಣ್ಣಕ್ಕೆ ಅಂಕಿಗಳನ್ನು ಕೊಡುವ ಪ್ರಯತ್ನಗಳಾದವು. ಸಿಐಇ ಎಂಬ ಅಂತರರಾಷ್ಟ್ರೀಯ ಸಮಿತಿಯು ೧೯೩೧ರಲ್ಲಿ ಸಾಧಾರಣ ಮನುಷ್ಯನ ದೃಷ್ಟಿಗೆ ಒಂದು ಪ್ರಮಾಣವನ್ನು ಗೊತ್ತುಮಾಡಿತು. ೧೯೭೬ರಲ್ಲಿ ಎರಡು ಬಣ್ಣಗಳ ನಡುವಣ ಅಂತರವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಪದ್ಧತಿಯನ್ನು ಅಂಗೀಕರಿಸಿತು. ಆ ಸಂಖ್ಯೆ ಸ್ಥೂಲವಾಗಿ ೧ರ ಆಸುಪಾಸಿಗೆ ಬಂದಾಗ ಕಣ್ಣು ಭೇದವನ್ನು ಗುರುತಿಸತೊಡಗುತ್ತದೆ. ಮೆಟಾಲಿಕ್ ಬಣ್ಣಗಳಿಗೆ ಒಂದು ಕೋನ ಸಾಲದು. ೧೫, ೨೫, ೪೫, ೭೫, ೧೧೦ ಡಿಗ್ರಿಗಳೆಂದು ಐದು ಕೋನಗಳಲ್ಲಿ ಅಳೆಯುವ ಉಪಕರಣಗಳಿವೆ. ದೊಡ್ಡ ಕಾರ್ಯಾಗಾರಗಳು ಅವನ್ನು ಬಳಸುತ್ತವೆ. ನನ್ನ ಶಿಷ್ಯನಂಥ ಚಿಕ್ಕ ಉದ್ಯಮಿಗೆ ಅವುಗಳ ಬೆಲೆ ನಿಲುಕುವಂತಹುದಲ್ಲ. ಉಪಕರಣವಿದ್ದರೂ ಅದು ಸೂತ್ರವನ್ನು ಸೂಚಿಸೀತು. ಸಿಂಪಡಿಸುವ ಕೈ ಮನುಷ್ಯನದೇ.

ಸಂಧಿಕಾರ್ಯ

ಹಾಗಾದರೆ ಒಳ್ಳೆಯ ಬಣ್ಣಗಾರರು ಮಾಡುವುದೇನು? ಎರಡು ಬಣ್ಣಗಳನ್ನು ಒಂದೇ ಮಾಡಲಾಗದೆಂದು ಒಪ್ಪಿಕೊಂಡು, ಅವು ಸೇರುವ ಎಡೆಯನ್ನು ಮರೆಸುತ್ತಾರೆ. ಇಲ್ಲಿ ನನ್ನ ವ್ಯಾಕರಣ ನನಗೆ ನೆರವಾಯಿತು. ಸವರ್ಣಸ್ವರಗಳು ಎದುರಾದರೆ ಎರಡೂ ಕೂಡಿ ಒಂದೇ ದೀರ್ಘವಾಗುತ್ತವೆ: 'ದೇವ'ಕ್ಕೆ 'ಆಲಯ' ಸೇರಿ 'ದೇವಾಲಯ'ವಾದಾಗ ಹೊಲಿಗೆ ಕಾಣುವುದಿಲ್ಲ. ಕಾರಖಾನೆಯ ಬಣ್ಣಕ್ಕೂ ಗ್ಯಾರೇಜಿನ ಬಣ್ಣಕ್ಕೂ ಈ ಸಾವರ್ಣ್ಯವಿಲ್ಲ. ಆದುದರಿಂದ ಆಗಮಸಂಧಿಯೇ ಗತಿ. 'ಮನೆ'ಗೆ 'ಅನ್ನು' ಸೇರುವಾಗ ನಡುವೆ ಯಕಾರವೊಂದು ಬಂದು 'ಮನೆಯನ್ನು' ಎಂದಾಗುವಂತೆ, ಎರಡು ಬಣ್ಣಗಳ ನಡುವೆ ಎರಡಕ್ಕೂ ಹತ್ತಿರವಾದ ಒಂದು ಸಂಕ್ರಮಣ ಪ್ರದೇಶವನ್ನು ನಿರ್ಮಿಸಬೇಕು. ಹಿಂಬಾಗಿಲಿಗೆ ಬಣ್ಣ ಹೊಡೆಯುವಾಗ, ಪಕ್ಕದ ಮುಂಬಾಗಿಲಿನ ಮೇಲುಲೇಪವನ್ನು ಗ್ಯಾರೇಜಿನವರು ಉಪ್ಪುಕಾಗದವೆನ್ನುವ ನುಣುಪಾದ ಮರಳುಕಾಗದದಿಂದ ಮೃದುವಾಗಿ ಉಜ್ಜಿ, ಹೊಸ ಬಣ್ಣವನ್ನು ಅದರ ಮೇಲೂ ಎಳೆದು, ದೂರ ಹೋದಂತೆ ತೆಳುಮಾಡಿ ಮಂಜಿನಂತೆ ಕರಗಿಸುತ್ತಾರೆ. ಅನಂತರ ಎರಡೂ ಬಾಗಿಲುಗಳಿಗೆ ಅಂಚಿನವರೆಗೆ ಪಾರದರ್ಶಕ ಲೇಪವನ್ನು ಕೊಡುತ್ತಾರೆ. ಭೇದವೇನೋ ಉಳಿದೇ ಇರುತ್ತದೆ. ಆದರೆ ಗೆರೆ ಕೊರೆದಂತೆ ಒಂದೆಡೆ ನಿಲ್ಲದೆ ಒಂದು ಮಾರು ಅಗಲಕ್ಕೆ ಹರಡಿಕೊಳ್ಳುವುದರಿಂದ ಕಣ್ಣು ಅದನ್ನು ಹಿಡಿಯಲಾರದು.

ಇಲ್ಲಿಯೇ ನನ್ನ ತಪ್ಪನ್ನು ಹೇಳಿಕೊಳ್ಳಬೇಕು. ಕಾರನ್ನು ಒಪ್ಪಿಸಿದ ದಿನವೇ ಅವನು, "ಸರ್, ಮುಂದಿನ ಬಾಗಿಲಿಗೂ ಸ್ವಲ್ಪ ಬಣ್ಣ ಎಳೀಬೇಕಾಗತೈತ್ರಿ. ನಾಕ ಸಾವಿರ ಹೆಚ್ಚಾಗತೈತಿ" ಎಂದಿದ್ದನು. ಪೆಟ್ಟೇ ತಾಗದ ಬಾಗಿಲಿಗೆ ಬಣ್ಣವೇಕೆ? ಇದು ಬಿಲ್ಲು ಬೆಳೆಸುವ ಉಪಾಯ ಎಂದು ನಾನು ಒಳಗೊಳಗೆ ಶಂಕಿಸಿ, "ನೆಗ್ಗಿದ್ದಷ್ಟೇ ಸರಿಮಾಡು, ಬೇರೆಯದನ್ನು ಮುಟ್ಟಬೇಡ" ಎಂದು ಅಪ್ಪಣೆ ಮಾಡಿದ್ದೆ. ಗುರುವಿನ ಮಾತಿಗೆ ಎದುರಾಡದೆ ಅವನು ಹಾಗೆಯೇ ಮಾಡಿದನು. ಸಂಧಿ ಬೇಡವೆಂದು ಹೇಳಿದವನೂ ನಾನೇ, ಸಂಧಿಯಾಗಲಿಲ್ಲವೆಂದು ಜರೆದವನೂ ನಾನೇ. ನಾನು ಜರೆದಾಗ ಅವನು ಇದನ್ನು ಅಲ್ಲಿದ್ದ ಗಿರಾಕಿಗಳ ಎದುರಿಗೆ ಹೇಳಬಹುದಾಗಿತ್ತು, ಹೇಳಲಿಲ್ಲ.

ಇನ್ನೊಂದು ವಿಷಯವನ್ನು ಆ ದಿನ ಕಂಡೆ. ಹಾರ್ಡನರ್ ಬೆರೆಸಿದ ಬಣ್ಣಗಳಲ್ಲಿ ಐಸೋಸಯನೇಟ್ ಎಂಬ ಜಾತಿಯ ರಾಸಾಯನಿಕಗಳಿರುತ್ತವೆ. ಅವುಗಳ ತುಂತುರನ್ನು ಉಸಿರಾಡಿದವರಿಗೆ ಗೂರಲು ರೋಗ ಬರುವುದುಂಟು. ಒಮ್ಮೆ ದೇಹಕ್ಕೆ ಅದು ಒಗ್ಗದಾಯಿತೆಂದರೆ ಅಲ್ಪಪ್ರಮಾಣವೂ ಉಸಿರುಗಟ್ಟಿಸುತ್ತದೆ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡವೇ ಇದಕ್ಕೆ ಸರಿಯಾದ ರಕ್ಷಣೆ. ಅವನ ಗ್ಯಾರೇಜಿನಲ್ಲಿ ಇಬ್ಬರು ಹುಡುಗರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. 'ಮತ್ತೊಮ್ಮೆ ಹೊಡೆ' ಎಂದು ನಾವು ಸುಲಭವಾಗಿ ಆಡುವ ಮಾತು ಅವರ ಉಸಿರಿನ ಲೆಕ್ಕಕ್ಕೆ ಸೇರುತ್ತದೆ.

ವಾಹನವುಳ್ಳವರು ಗಮನಿಸಬೇಕಾದುದು

ಓದುಗರಲ್ಲಿ ಅನೇಕರು ವಾಹನವುಳ್ಳವರಾದುದರಿಂದ ನಾಲ್ಕು ಮಾತುಗಳನ್ನು ಹೇಳುವುದು ಅನುಚಿತವಾಗಲಾರದು. ಮೊದಲನೆಯದಾಗಿ, ಬಣ್ಣದ ಸಂಕೇತವನ್ನು ಗಾಡಿಯ ಫಲಕದಿಂದಲೇ ಓದಿ ಕೊಡಬೇಕು. ಬಣ್ಣದ ಹೆಸರನ್ನು ಬಾಯಲ್ಲಿ ಹೇಳಿದರೆ ಸಾಲದು. ಎರಡನೆಯದಾಗಿ, ಒಂದು ತುಂಡು ತಗಡಿನ ಮೇಲೆ ಪಾರದರ್ಶಕ ಲೇಪಸಹಿತವಾಗಿ ಮಾದರಿಯನ್ನು ಹೊಡೆಸಿ, ಒಣಗಿದ ಮೇಲೆ, ತೊಳೆದು ಪಾಲಿಶ್ ಮಾಡಿದ ಮೈಗೆ ಅದನ್ನು ಹಿಡಿದು, ಹಗಲಿನ ಬೆಳಕಿನಲ್ಲಿ ಎದುರಿನಿಂದಲೂ ಓರೆಯಿಂದಲೂ ನೋಡಬೇಕು. ಮೂರನೆಯದಾಗಿ, ಪಕ್ಕದ ಫಲಕಕ್ಕೆ ಬಣ್ಣ ಎಳೆಯಬೇಕೆಂದು ಬಣ್ಣಗಾರನು ಹೇಳಿದರೆ ಅದನ್ನು ವಂಚನೆಯೆಂದು ತಿಳಿಯಬಾರದು. ವಿಮೆಯ ಹಣದಲ್ಲಿ ದುರಸ್ತಿಯಾಗುವುದಾದರೆ ಈ ಖರ್ಚು ಅದರಲ್ಲಿ ಸೇರುವುದೇ ಎಂದು ಮೊದಲೇ ವಿಚಾರಿಸಬೇಕು. ನಾಲ್ಕನೆಯದಾಗಿ, ವಾಹನವನ್ನು ಹಗಲಿನಲ್ಲಿ ಬಿಡಿಸಿಕೊಳ್ಳಬೇಕು.

ಹೀಗೆಂದ ಮಾತ್ರಕ್ಕೆ ಎಲ್ಲ ದೋಷವನ್ನೂ ಕ್ಷಮಿಸಬೇಕೆಂದಲ್ಲ. ಸಂಕೇತವನ್ನು ನೋಡದೆ ಬಣ್ಣ ತಂದುದು, ಮಾದರಿ ಹೊಡೆಯದೆ ನೇರವಾಗಿ ಗಾಡಿಗೆ ಹೊಡೆದುದು, ಬಣ್ಣ ಸೋರಿ ಇಳಿದುದು, ಧೂಳು ಅಂಟಿದುದು, ಕೆಲವೇ ತಿಂಗಳಲ್ಲಿ ಸಿಪ್ಪೆಯಾಗಿ ಎದ್ದುದು ಇವೆಲ್ಲ ಕೆಲಸದ ತಪ್ಪುಗಳು. ಅವನ್ನು ಕೇಳುವ ಹಕ್ಕು ಹಣ ಕೊಟ್ಟವನಿಗಿದೆ. ಪ್ಲಾಸ್ಟಿಕ್ಕಿನ ಬಂಪರಿಗೂ ಲೋಹದ ಮೈಗೂ ತುಸು ಭೇದ ಹೊಸ ಕಾರಿನಲ್ಲಿಯೂ ಇರುವುದುಂಟು. ಅದನ್ನು ದುರಸ್ತಿಯವನ ಮೇಲೆ ಹೊರಿಸಬಾರದು. ತಪ್ಪಾವುದು, ದ್ರವ್ಯದ ಸ್ವಭಾವವಾವುದು ಎಂಬ ವಿವೇಕ ಮಾತ್ರ ಕೇಳುವವನಿಗೆ ಇರಬೇಕು.

ಆ ರವಿವಾರವೇ ಉಳಿದ ಮೂರು ಸಾವಿರವನ್ನೂ ಹೊಸ ಕೆಲಸದ ನಾಲ್ಕು ಸಾವಿರವನ್ನೂ ಕೊಟ್ಟೆ. ಫೆಬ್ರವರಿಯಲ್ಲಿ ಅವನು ಎರಡೂ ಬಾಗಿಲುಗಳಿಗೆ ಸಂಧಿಕಾರ್ಯ ಮಾಡಿಕೊಟ್ಟನು. ಕಾರು ದಿನವೂ ಶಾಲೆಯ ಅಂಗಳದಲ್ಲಿ ನಿಲ್ಲುತ್ತದೆ. ಹೊಸ ಬಣ್ಣ ಎಲ್ಲಿ ಆರಂಭವಾಗುತ್ತದೆಂದು ಇದುವರೆಗೆ ಯಾರೂ ತೋರಿಸಿಲ್ಲ, ನನಗೂ ಕಂಡಿಲ್ಲ. ಹಣದ ಲೆಕ್ಕ ಹೀಗೆ ಮುಗಿಯಿತು. ಆದರೆ ನಾನು ಮೋಸವೆಂಬ ಮಾತನ್ನಾಡಿದ್ದು ನಾಲ್ಕು ಜನರ ಎದುರಿಗೆ. ಕ್ಷಮೆ ಕೇಳಿದ್ದು ಅವನೊಬ್ಬನ ಎದುರಿಗೆ. ಆ ಅಂತರವನ್ನು ತುಂಬಬೇಕೆಂದೇ ಈ ಲೇಖನವನ್ನು ನಮ್ಮ ಶಾಲೆಯ ಬಳಗದ ಮುಂದಿಟ್ಟಿದ್ದೇನೆ. ಅವನ ಹೆಸರನ್ನು ಬರೆಯಬಾರದೆಂದು ಅವನೇ ಕೇಳಿಕೊಂಡಿರುವುದರಿಂದ ಬರೆದಿಲ್ಲ. ಅವನು ಇದನ್ನು ಓದುವನೆಂದು ನಂಬಿ ಇಲ್ಲಿಗೆ ಮುಗಿಸುತ್ತೇನೆ.